ಬೈಪೋಲಾರ್ ಕಾಯಿಲೆ: ನಿದ್ದೆ, ದೇಹದ ಗಡಿಯಾರ ಮತ್ತು ಮನಸ್ಸು

ಮನಸ್ಸು ಕೆಲವು ಕಾಲ ಮಿತಿಮೀರಿ ಏರಿ, ಕೆಲವು ಕಾಲ ಮಿತಿಮೀರಿ ಕುಸಿಯುವ ಮನೋರೋಗವೇ ಬೈಪೋಲಾರ್ ಕಾಯಿಲೆ. ಏರಿದ ಸ್ಥಿತಿಯನ್ನು ಉನ್ಮಾದವೆಂದೂ ಕುಸಿದ ಸ್ಥಿತಿಯನ್ನು ಖಿನ್ನತೆಯೆಂದೂ ವೈದ್ಯರು ಕರೆಯುತ್ತಾರೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ರೋಗಿ ಎಲ್ಲರಂತೆಯೇ ಹೊಲ, ಕಚೇರಿ, ಸಂಸಾರ ನೋಡಿಕೊಂಡು ಬದುಕುತ್ತಾರೆ. ಕಾಯಿಲೆ ಏರಲಿ, ಇಳಿಯಲಿ, ಅದರ ಗುರುತು ಮೊದಲು ಬೀಳುವ ಜಾಗಗಳಲ್ಲಿ ನಿದ್ದೆಯೂ ಒಂದು. ಕೆಟ್ಟ ನಿದ್ದೆ ಕಾಯಿಲೆಯ ಲಕ್ಷಣವೂ ಹೌದು, ಅದು ಮರುಕಳಿಸಲು ಕಾರಣವೂ ಹೌದು ಎಂಬುದು ಕಳೆದ ಐವತ್ತು ವರ್ಷಗಳ ಸಂಶೋಧನೆಯಿಂದ ಗಟ್ಟಿಯಾಗಿರುವ ತಿಳಿವಳಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆಯಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ ವಯಸ್ಕರಲ್ಲಿ ಶೇ 0.5ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗಿರುತ್ತಾರೆ. ಅವರಲ್ಲಿ ಸುಮಾರು ಶೇ 70ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಆ ಸಮೀಕ್ಷೆಯ ಪೂರ್ವತಯಾರಿಯ ಅಧ್ಯಯನ ನಡೆದದ್ದು ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿ.

ಕಾಯಿಲೆಯಲ್ಲಿ ನಿದ್ದೆಯ ರೂಪಗಳು

ನಿದ್ದೆ ಬಾರದೆ ಹೊರಳಾಡುವವರಿಗೂ ಉನ್ಮಾದದಲ್ಲಿ ನಿದ್ದೆಗೆಡುವವರಿಗೂ ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯ ನಿದ್ರಾಹೀನತೆಯಲ್ಲಿ ದೇಹ ನಿದ್ದೆ ಬೇಡುತ್ತದೆ, ಅದು ಬರುವುದಿಲ್ಲ, ಮಾರನೆಯ ದಿನವಿಡೀ ಮೈ ಭಾರ. ಉನ್ಮಾದದಲ್ಲಿ ನಿದ್ದೆ ಬೇಕು ಅಂತಲೇ ಅನಿಸುವುದಿಲ್ಲ. ಎರಡು ಮೂರು ಗಂಟೆ ಮಲಗಿ ಎದ್ದವರು ದಣಿವೇ ಇಲ್ಲದೆ ನಸುಕಿನಲ್ಲೇ ಕೆಲಸಕ್ಕೆ ಇಳಿಯುತ್ತಾರೆ. ಮಾತು ನಿಲ್ಲುವುದಿಲ್ಲ, ಒಂದು ಯೋಜನೆ ಮುಗಿಯುವ ಮೊದಲೇ ಇನ್ನೊಂದು ಹುಟ್ಟುತ್ತದೆ. ಸಾಲ ತಂದು ಒಂದರ ಮೇಲೊಂದು ಬೋರ್‌ವೆಲ್ ಕೊರೆಸಲು ಹೊರಡುವುದು, ಮನೆಯವರಿಗೆ ಹೇಳದೆ ಜಮೀನು ಮಾರಾಟಕ್ಕೆ ಮಾತಾಡುವುದು, ಕಂಡವರಿಗೆಲ್ಲ ಹಣ ಹಂಚುವುದು, ತಡೆದವರ ಮೇಲೆ ಸಿಟ್ಟಿಗೇಳುವುದು ಹಳ್ಳಿಯ ಮನೆಗಳಲ್ಲಿ ಉನ್ಮಾದ ಕಾಣಿಸಿಕೊಳ್ಳುವ ಬಗೆಗಳು. ಇಂಥ ಸ್ಥಿತಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದರೆ ಅದನ್ನು ಉನ್ಮಾದವೆಂದು ಗುರುತಿಸುತ್ತಾರೆ. ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ತೀವ್ರವಾಗಿದ್ದರೆ ವಾರ ಕಾಯುವ ಅಗತ್ಯವಿಲ್ಲ. ಇದಕ್ಕಿಂತ ಸೌಮ್ಯವಾದ, ಕನಿಷ್ಠ ನಾಲ್ಕು ದಿನ ಇರುವ ಏರಿಕೆಗೆ ಲಘು ಉನ್ಮಾದ ಎನ್ನುತ್ತಾರೆ.

ಖಿನ್ನತೆಯಲ್ಲಿ ನಿದ್ದೆ ಎರಡು ದಿಕ್ಕಿಗೂ ತಿರುಗಬಹುದು. ಕೆಲವರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ಕಣ್ಣು ಹತ್ತುವುದಿಲ್ಲ. ಇನ್ನು ಕೆಲವರು, ಅದರಲ್ಲೂ ಬೈಪೋಲಾರ್ ಖಿನ್ನತೆಯಲ್ಲಿರುವ ಯುವಕ ಯುವತಿಯರು, ಹತ್ತು ಹನ್ನೆರಡು ಗಂಟೆ ಮಲಗಿಯೂ ಏಳಲಾರದೆ ಒದ್ದಾಡುತ್ತಾರೆ. ಅದನ್ನು ಸೋಮಾರಿತನವೆಂದು ಬೈಯುವ ಮನೆಗಳು ಕಡಿಮೆಯಿಲ್ಲ.

ಕಾಯಿಲೆ ಶಮನವಾಗಿರುವಾಗಲೂ ನಿದ್ದೆ ಪೂರ್ತಿ ಸರಿಹೋಗಿರುವುದಿಲ್ಲ. ಮನಶ್ಶಾಸ್ತ್ರಜ್ಞೆ ಆಲಿಸನ್ ಹಾರ್ವೆ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಸಮಸ್ಥಿತಿಯಲ್ಲಿದ್ದ ಬೈಪೋಲಾರ್ ರೋಗಿಗಳಲ್ಲಿ ಶೇ 70ರಷ್ಟು ಮಂದಿಗೆ ನಿದ್ದೆಯ ಗಂಭೀರ ತೊಂದರೆ ಕಂಡುಬಂತು. ಹೊರಗೆ ಶಾಂತವಾಗಿ ಕಾಣುವ ದಿನಗಳಲ್ಲಿಯೂ ಒಳಗಿನ ಲಯ ನಾಜೂಕಾಗಿಯೇ ಇರುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ದೇಹದ ಗಡಿಯಾರ

ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಜೋಡಿ ಗಂಟು ಇದೆ. ದೇಹದ ಮುಖ್ಯ ಗಡಿಯಾರ ಇದೇ. ಮೈಬಿಸಿಯ ಏರಿಳಿತ, ಹಾರ್ಮೋನುಗಳ ಸ್ರಾವ, ಹಸಿವು, ಎಚ್ಚರ, ನಿದ್ದೆ ಎಲ್ಲವೂ ಇದರ ಅಂಕೆಯಲ್ಲಿ ಸುಮಾರು 24 ಗಂಟೆಗೊಮ್ಮೆ ಸುತ್ತುತ್ತವೆ. ಹೊರಗಿನ ಯಾವ ಸುಳಿವೂ ಇಲ್ಲದ ಕೋಣೆಯಲ್ಲಿ ಮನುಷ್ಯರನ್ನು ಇರಿಸಿ ಅಳೆದಾಗ ಈ ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚೇ ಇರುತ್ತದೆ. ದಿನವೂ ಅದನ್ನು ತಿದ್ದಿ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ನೀಲಿ ಬೆಳಕಿಗೆ ಸ್ಪಂದಿಸುವ ವಿಶೇಷ ಕೋಶಗಳು ಆ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುತ್ತವೆ. ಸಂಜೆ ಕತ್ತಲಾಗುತ್ತಿದ್ದಂತೆ ಮೆಲಟೋನಿನ್ ಎಂಬ ಹಾರ್ಮೋನು ಏರಿ ರಾತ್ರಿಯಾಯಿತೆಂದು ಮೈಗೆ ತಿಳಿಸುತ್ತದೆ. ರಾತ್ರಿ ಮೊಬೈಲಿನ, ಟ್ಯೂಬ್‌ಲೈಟಿನ ಬೆಳಕು ಅದನ್ನು ತಗ್ಗಿಸುತ್ತದೆ.

ಗಡಿಯಾರದ ಒಳಗುಟ್ಟು ಮೊದಲು ಗೊತ್ತಾದದ್ದು ಹಣ್ಣಿನ ನೊಣಗಳಲ್ಲಿ. ನೊಣದ ದಿನಚರಿಯನ್ನು ನಿಯಂತ್ರಿಸುವ ಜೀನೊಂದನ್ನು 1971ರಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಸೈಮರ್ ಬೆನ್ಜರ್ ಗುರುತಿಸಿದರು. ಅಂಥ ಜೀನುಗಳು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಜೀನು ಒಂದು ಪ್ರೋಟೀನನ್ನು ಮಾಡಿಸುತ್ತದೆ, ಆ ಪ್ರೋಟೀನು ಸಾಕಷ್ಟು ಸೇರಿದಾಗ ತನ್ನನ್ನು ಮಾಡಿಸಿದ ಜೀನನ್ನೇ ಸುಮ್ಮನಾಗಿಸುತ್ತದೆ, ಪ್ರೋಟೀನು ಕರಗಿದ ಮೇಲೆ ಜೀನು ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಈ ಸುತ್ತಿಗೆ ಹಿಡಿಯುವ ಸಮಯ ಸುಮಾರು ಒಂದು ದಿನ.

ಬೈಪೋಲಾರ್ ಕಾಯಿಲೆಗೂ ಈ ಜೀನುಗಳಿಗೂ ನಂಟಿರಬಹುದು ಎಂಬ ಊಹೆಗೆ 2007ರಲ್ಲಿ ಬಲ ಬಂತು. ಗಡಿಯಾರದ ಒಂದು ಮುಖ್ಯ ಜೀನನ್ನು ಕೆಡಿಸಿದ ಇಲಿಗಳು ಕಡಿಮೆ ಮಲಗುತ್ತಿದ್ದವು, ಅತಿಯಾಗಿ ಓಡಾಡುತ್ತಿದ್ದವು, ಅಪಾಯಕ್ಕೆ ಹೆದರುತ್ತಿರಲಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧ ಕೊಟ್ಟಾಗ ಅವುಗಳ ವರ್ತನೆ ಬಹುಮಟ್ಟಿಗೆ ಸಹಜಕ್ಕೆ ಮರಳಿತು.

ಬೆಂಗಳೂರಿನಲ್ಲಿ ನಡೆದ ಕೆಲಸ

ಜೈವಿಕ ಗಡಿಯಾರದ ಅಧ್ಯಯನದಲ್ಲಿ ಕರ್ನಾಟಕಕ್ಕೆ ತನ್ನದೇ ಸ್ಥಾನವಿದೆ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದು ಬಳಿಕ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಭಾರತದಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖರು. ಮದುರೈಯಲ್ಲಿದ್ದಾಗ ಅವರ ತಂಡ 1981ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೈಪೋಲಾರ್ ಚಿಕಿತ್ಸೆಯ ದೃಷ್ಟಿಯಿಂದಲೂ ಅರ್ಥಪೂರ್ಣ. ಬಾವಲಿಗಳ ಗುಹೆಯೊಳಗೆ, ಸೂರ್ಯನ ಬೆಳಕೇ ಕಾಣದ ಜಾಗದಲ್ಲಿ ಬಾವಲಿಯನ್ನು ಕೂಡಿಹಾಕಿದರೂ, ಪ್ರತಿ ಸಂಜೆ ಹೊರಹೋಗಿ ನಸುಕಿಗೆ ಮರಳುವ ಸಂಗಾತಿಗಳ ಓಡಾಟದ ಸುಳಿವಿನಿಂದ ಅದು ಹೊತ್ತು ತಪ್ಪದೆ ನಡೆದುಕೊಂಡಿತು. ಸಂಗಾತಿಗಳಿಲ್ಲದ ಕಡೆ ಹಾಗಾಗಲಿಲ್ಲ. ಬೆಳಕಿನಂತೆ ಒಡನಾಟವೂ ಗಡಿಯಾರವನ್ನು ತಿದ್ದಬಲ್ಲದು ಎಂದು ಇದರಿಂದ ತಿಳಿಯಿತು.

ಜಕ್ಕೂರಿನ ಅದೇ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಬೆಳಗ್ಗೆ ಬೇಗ ಪ್ಯೂಪಾ ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ತಡವಾಗಿ ಹೊರಬರುವ ನೊಣಗಳನ್ನೂ ಪ್ರತ್ಯೇಕಿಸಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದರು. ಬೇಗ ಏಳುವವುಗಳ ಗಡಿಯಾರದ ಸುತ್ತು ಚಿಕ್ಕದಾಗುತ್ತ, ತಡವಾಗಿ ಏಳುವವುಗಳದು ದೊಡ್ಡದಾಗುತ್ತ ಹೋಯಿತು. ಕೋಳಿ ಕೂಗುವಾಗಲೇ ಏಳುವವರೂ ನಡುರಾತ್ರಿಯಲ್ಲಿ ಚುರುಕಾಗುವವರೂ ಒಂದೇ ಮನೆಯಲ್ಲಿ ಇರುವುದಕ್ಕೆ ಆನುವಂಶಿಕ ಕಾರಣವೂ ಇದೆ ಎಂಬುದಕ್ಕೆ ಇಂಥ ಕೆಲಸಗಳು ಆಧಾರ. ಬೈಪೋಲಾರ್ ಇರುವವರಲ್ಲಿ ರಾತ್ರಿ ಚುರುಕಾಗುವವರ ಪ್ರಮಾಣ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇತ್ತೀಚಿನ ವರ್ಷಗಳಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಮತ್ತು ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಸೇರಿ, ಒಂದೇ ಮನೆತನದಲ್ಲಿ ಹಲವರಿಗೆ ತೀವ್ರ ಮನೋರೋಗಗಳಿರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿವೆ. ಮನೆಯವರ ರಕ್ತಕೋಶಗಳನ್ನು ಕಾಂಡಕೋಶಗಳಾಗಿ ಬದಲಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸುತ್ತಾರೆ. ಬೈಪೋಲಾರ್ ಇರುವವರ ಕೋಶ ಎಲ್ಲಿ ಬೇರೆಯಾಗುತ್ತದೆ, ಲಿಥಿಯಂ ಕೆಲವರಿಗೆ ಚೆನ್ನಾಗಿ ಹತ್ತಿ ಕೆಲವರಿಗೆ ಹತ್ತದಿರುವುದು ಏಕೆ ಎಂಬುದು ಅಲ್ಲಿನ ಪ್ರಶ್ನೆಗಳಲ್ಲಿ ಸೇರಿದೆ.

ನಿದ್ದೆಗೇಡಿನಿಂದ ಉನ್ಮಾದಕ್ಕೆ

ಅಮೆರಿಕದ ಮನೋವೈದ್ಯ ಥಾಮಸ್ ವೇರ್ ಮತ್ತು ಸಂಗಡಿಗರು 1987ರಲ್ಲಿ ಮುಂದಿಟ್ಟ ವಾದ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ದುಃಖ, ಸಂಭ್ರಮ, ಹೆರಿಗೆ, ಪ್ರಯಾಣ, ಮದ್ದುಗಳು ಹೀಗೆ ಉನ್ಮಾದವನ್ನು ಕೆರಳಿಸುವ ಕಾರಣಗಳು ಹಲವಾದರೂ ಅವೆಲ್ಲ ಕೊನೆಗೆ ನಿದ್ದೆಗೆಡಿಸಿಯೇ ಕೆಲಸ ಮಾಡುತ್ತವೆ ಎಂದು ಅವರು ಹೇಳಿದರು. ಇಲ್ಲಿ ಒಂದು ವಿಷವರ್ತುಲವಿದೆ. ನಿದ್ದೆ ಕಡಿಮೆಯಾದಂತೆ ಉತ್ಸಾಹ ಏರುತ್ತದೆ, ಉತ್ಸಾಹ ಏರಿದಂತೆ ನಿದ್ದೆ ಇನ್ನಷ್ಟು ಕಡಿಮೆಯಾಗುತ್ತದೆ. ಕೆಲವೇ ರಾತ್ರಿಗಳಲ್ಲಿ ಕಾಯಿಲೆ ಕೈಮೀರಬಹುದು.

ಇದಕ್ಕೆ ಪುರಾವೆ ಅನಿರೀಕ್ಷಿತ ದಿಕ್ಕಿನಿಂದಲೂ ದೊರೆಯಿತು. ಒಂದು ರಾತ್ರಿ ಪೂರ್ತಿ ಎಚ್ಚರವಿರಿಸಿದರೆ ಖಿನ್ನತೆ ತಾತ್ಕಾಲಿಕವಾಗಿ ಇಳಿಯುತ್ತದೆ ಎಂಬುದು 1970ರ ದಶಕದಿಂದಲೇ ವೈದ್ಯರಿಗೆ ಗೊತ್ತಿತ್ತು. ಇಟಲಿಯ ಮಿಲಾನ್‌ನಲ್ಲಿ ಬೈಪೋಲಾರ್ ಖಿನ್ನತೆಯ 206 ರೋಗಿಗಳಿಗೆ ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಇಂಥ ಚಿಕಿತ್ಸೆ ಕೊಟ್ಟು 1999ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸುಮಾರು ಶೇ 5ರಷ್ಟು ಮಂದಿ ನೇರವಾಗಿ ಉನ್ಮಾದಕ್ಕೆ ಜಾರಿದ್ದರು. ಮನೆಯಲ್ಲಿ ಯಾರೂ ಸ್ವಂತವಾಗಿ ಮಾಡಿ ನೋಡುವಂಥ ಪ್ರಯೋಗ ಇದಲ್ಲ.

ಭಾರತದಲ್ಲಿ ಈ ತಿಳಿವಳಿಕೆಗೆ ಹೆಚ್ಚಿನ ಮಹತ್ವವಿದೆ. ಪಾಶ್ಚಾತ್ಯ ದೇಶಗಳ ರೋಗಿಗಳಲ್ಲಿ ಖಿನ್ನತೆಯ ಅವಧಿಗಳು ಹೆಚ್ಚು. ಇಲ್ಲಿಯ ಬೈಪೋಲಾರ್ ರೋಗಿಗಳಲ್ಲಿ ಉನ್ಮಾದದ ಅವಧಿಗಳೇ ಮೇಲುಗೈ ಪಡೆಯುತ್ತವೆ ಎಂದು ನಿಮ್ಹಾನ್ಸ್ ವೈದ್ಯರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಉನ್ಮಾದ ಮರುಕಳಿಸುವುದೇ ಮುಖ್ಯ ತೊಂದರೆಯಾಗಿರುವ ಕಡೆ ರಾತ್ರಿಯ ನಿದ್ದೆಯನ್ನು ಕಾಯುವುದು ಚಿಕಿತ್ಸೆಯ ನಡುಮಧ್ಯದ ಕೆಲಸವಾಗುತ್ತದೆ.

ಬಯಲುಸೀಮೆಯ ರಾತ್ರಿಗಳು

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಅಥವಾ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಯಾವುದೇ ಹಳ್ಳಿಯಲ್ಲಿ ರಾತ್ರಿ ಎಚ್ಚರವಿರಬೇಕಾದ ಸಂದರ್ಭಗಳು ನಗರದವರು ಊಹಿಸುವುದಕ್ಕಿಂತ ಹೆಚ್ಚು. ಮಳೆ ಕಡಿಮೆಯಿರುವ ಈ ನಾಡಿನಲ್ಲಿ ಅಡಿಕೆ, ತೆಂಗು, ಈರುಳ್ಳಿ ನಿಂತಿರುವುದು ಬಹುಮಟ್ಟಿಗೆ ಕೊಳವೆಬಾವಿಯ ನೀರಿನ ಮೇಲೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಮೋಟರ್ ಚಾಲೂ ಮಾಡಿ, ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ಆರೋಗ್ಯವಂತ ರೈತನಿಗೆ ಇದು ದಣಿವಿನ ಕೆಲಸ. ಬೈಪೋಲಾರ್ ಇರುವ ರೈತನಿಗೆ ಸಾಲು ಸಾಲು ರಾತ್ರಿಗಳ ನಿದ್ದೆಗೇಡು ಉನ್ಮಾದದ ಬಾಗಿಲು ತೆರೆಯಬಲ್ಲದು. 2019ರಲ್ಲಿ ಆರಂಭವಾದ ಪಿಎಂ–ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳಿಗೆ ಸೌರವಿದ್ಯುತ್ ಜೋಡಿಸಿ ಹಗಲಿನಲ್ಲೇ ಕರೆಂಟು ಕೊಡುವ ಉದ್ದೇಶವಿದೆ. ನೀರಾವರಿಯ ಲೆಕ್ಕದಲ್ಲಿ ರೂಪುಗೊಂಡ ಈ ಕ್ರಮ ಮಾನಸಿಕ ಆರೋಗ್ಯದ ಲೆಕ್ಕದಲ್ಲೂ ಬೆಲೆಯುಳ್ಳದ್ದು. ಅಲ್ಲಿಯವರೆಗೆ ರಾತ್ರಿ ಪಾಳಿಯನ್ನು ಅಣ್ಣನೋ ಮಗನೋ ವಹಿಸಿಕೊಂಡರೆ ಅದು ದೊಡ್ಡ ಉಪಕಾರ.

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ. ಲಾರಿ, ಬಸ್ಸುಗಳ ಚಾಲಕರು, ಡಾಬಾಗಳಲ್ಲಿ ದುಡಿಯುವವರು, ಬೆಂಗಳೂರಿನ ಕಂಪನಿಗಳಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡುವ ಈ ಊರುಗಳ ಹುಡುಗ ಹುಡುಗಿಯರು ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಾರೆ. ವಾರಕ್ಕೊಮ್ಮೆ ಬದಲಾಗುವ ಪಾಳಿ ಗಡಿಯಾರಕ್ಕೆ ಹೊಂದಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಬೈಪೋಲಾರ್ ಇರುವವರು ಉದ್ಯೋಗ ಆರಿಸಿಕೊಳ್ಳುವಾಗ ರಾತ್ರಿ ಪಾಳಿ ಇಲ್ಲದ್ದನ್ನು ನೋಡುವುದು ಒಳ್ಳೆಯದೆಂದು ಮನೋವೈದ್ಯರು ಸಲಹೆ ಕೊಡುತ್ತಾರೆ.

ಜಾತ್ರೆ, ಬಯಲಾಟ, ಶಿವರಾತ್ರಿಯ ಜಾಗರಣೆ, ಮದುವೆಮನೆಯ ರಾತ್ರಿಗಳೂ ಇವೆ. ಇವು ಜನರ ನಂಬಿಕೆ, ಸಂತೋಷಗಳ ಭಾಗವಾದ್ದರಿಂದ ಬಿಡಿ ಎನ್ನುವುದು ಸರಿಯಲ್ಲ, ಅಗತ್ಯವೂ ಇಲ್ಲ. ಸಂಜೆಯ ಪೂಜೆ ಮುಗಿಸಿ ಮಲಗಿ, ಬೆಳಗಿನ ಪೂಜೆಗೆ ಏಳುವಂತೆ ಮನೆಯವರೇ ಏರ್ಪಾಡು ಮಾಡಬಹುದು. ಉಪವಾಸದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರಂಜಾನ್ ಉಪವಾಸದ ಮೇಲೆ ಎರಡು ಅಧ್ಯಯನಗಳು ಬೇರೆ ಬೇರೆ ಚಿತ್ರ ಕೊಟ್ಟಿವೆ. ಮೊರಾಕ್ಕೊದಲ್ಲಿ ಲಿಥಿಯಂ ಸೇವಿಸುತ್ತಿದ್ದ 20 ಮಂದಿಯನ್ನು ಗಮನಿಸಿದ ವೈದ್ಯರು ಹಲವರಲ್ಲಿ ಕಾಯಿಲೆ ಮರುಕಳಿಸಿದ್ದನ್ನು 2000ದಲ್ಲಿ ವರದಿ ಮಾಡಿದರು. ಪಾಕಿಸ್ತಾನದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತದ ಲಿಥಿಯಂ ಮಟ್ಟ ಗಮನಾರ್ಹವಾಗಿ ಬದಲಾಗಲಿಲ್ಲ. ಉಪವಾಸ ಹಿಡಿಯುವ ಮೊದಲು ವೈದ್ಯರೊಡನೆ ಮಾತಾಡಿ ಮಾತ್ರೆಯ ಹೊತ್ತು, ನಿದ್ದೆಯ ಹೊತ್ತು ಎರಡನ್ನೂ ಗೊತ್ತುಮಾಡಿಕೊಳ್ಳುವುದೇ ಸುರಕ್ಷಿತ.

ಬಾಣಂತಿಯ ನಿದ್ದೆ

ಹೆರಿಗೆಯ ನಂತರದ ಮೊದಲ ವಾರಗಳು ಬೈಪೋಲಾರ್ ಇರುವ ಹೆಂಗಸಿನ ಬದುಕಿನಲ್ಲಿ ಅತಿ ಅಪಾಯದ ಕಾಲ. ಹಾರ್ಮೋನುಗಳು ಒಮ್ಮೆಲೇ ಕುಸಿಯುತ್ತವೆ, ಹೆರಿಗೆ ನೋವಿನ ರಾತ್ರಿ ಎಚ್ಚರದಲ್ಲೇ ಕಳೆದಿರುತ್ತದೆ, ಅನಂತರ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಲು ಏಳಬೇಕು. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ತೀವ್ರ ಮನೋವಿಕಾರ ಎಲ್ಲ ತಾಯಂದಿರನ್ನು ಲೆಕ್ಕಕ್ಕೆ ಹಿಡಿದರೆ ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಬರುತ್ತದೆ. ಬೈಪೋಲಾರ್ ಇರುವವರಲ್ಲಿ ಅದು ಸುಮಾರು ಐವರಲ್ಲಿ ಒಬ್ಬರಿಗೆ ಬರಬಹುದು. ಅದು ಗಾಳಿ ಸೋಕಿದ್ದೂ ಅಲ್ಲ, ಪಥ್ಯ ತಪ್ಪಿದ್ದರಿಂದ ಬಂದದ್ದೂ ಅಲ್ಲ. ತಡಮಾಡದೆ ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ.

ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ಮನೋವೈದ್ಯಕೀಯ ವಾರ್ಡನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ಇದರ ಹಿಂದೆ ಮನೋವೈದ್ಯೆ ಪ್ರಭಾ ಚಂದ್ರ ಅವರ ದುಡಿಮೆ ಇದೆ. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಮಗುವನ್ನು ಊರಿನಲ್ಲಿ ಬಿಡಬೇಕಾದ ಸಂಕಟವನ್ನು ಈ ವ್ಯವಸ್ಥೆ ತಪ್ಪಿಸಿತು.

ತವರಿನ ಬಾಣಂತನದಲ್ಲಿ ತಾಯಿಯ ನಿದ್ದೆಗೆ ಒದಗಿಬರುವ ಅಂಶಗಳಿವೆ. ಹೆಣ್ಣುಮಗಳನ್ನು ಮನೆಗೆಲಸದಿಂದ ಬಿಡಿಸಿ ಮಲಗಲು ಬಿಡುವ ಪದ್ಧತಿ, ರಾತ್ರಿ ಕೂಸನ್ನು ಮಡಿಲಿಗೆ ಹಾಕಿಕೊಳ್ಳುವ ಅಮ್ಮ, ಅಜ್ಜಿ ಇದ್ದರೆ ತಾಯಿಗೆ ನಾಲ್ಕೈದು ಗಂಟೆಯ ನಿದ್ದೆ ತಡೆಯಿಲ್ಲದೆ ಸಿಗುತ್ತದೆ. ಕಾಯಿಲೆಯ ಇತಿಹಾಸವಿರುವ ಬಾಣಂತಿಗೆ ಈ ನಿದ್ದೆ ಔಷಧದಷ್ಟೇ ಅಗತ್ಯ. ಬಸುರಿಯಾಗುವ ಯೋಚನೆ ಇರುವಾಗಲೇ ವೈದ್ಯರನ್ನು ಕಾಣಬೇಕು. ಬೈಪೋಲಾರ್‌ಗೆ ಕೊಡುವ ವ್ಯಾಲ್ಪ್ರೋಯೇಟ್ ಗರ್ಭದ ಶಿಶುವಿಗೆ ಹಾನಿಮಾಡುವುದರಿಂದ ಮೊದಲೇ ಬೇರೆ ಮಾತ್ರೆಗೆ ಬದಲಿಸಬೇಕಾಗುತ್ತದೆ.

ಬೆಳಕು, ಋತು, ದೂರದ ಪ್ರಯಾಣ

ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಚಿತ್ರದುರ್ಗದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಅಂತರ ಒಂದು ಗಂಟೆ ನಲವತ್ತು ನಿಮಿಷದಷ್ಟು. ನಾರ್ವೆಯ ಓಸ್ಲೋದಲ್ಲಿ ಅದು ಸುಮಾರು ಹದಿಮೂರು ಗಂಟೆ. ವಸಂತದಲ್ಲಿ ಬಿಸಿಲು ಒಮ್ಮೆಲೇ ಹೆಚ್ಚುವ ಪ್ರದೇಶಗಳಲ್ಲಿ ಬೈಪೋಲಾರ್ ಕಾಯಿಲೆ ಚಿಕ್ಕ ವಯಸ್ಸಿಗೇ ಶುರುವಾಗುವ ಪ್ರವೃತ್ತಿಯನ್ನು ಜರ್ಮನಿಯ ಮೈಕೆಲ್ ಬೌವರ್ ನೇತೃತ್ವದ ಬಹುರಾಷ್ಟ್ರೀಯ ತಂಡ 2017ರಲ್ಲಿ ತೋರಿಸಿತು. ನಮ್ಮಲ್ಲಿ ಹಗಲಿನ ಉದ್ದ ಅಷ್ಟು ಬದಲಾಗದಿದ್ದರೂ ಬೇಸಿಗೆಯ ಸೆಕೆಯಲ್ಲಿ ರಾತ್ರಿಯ ನಿದ್ದೆ ಚೂರುಚೂರಾಗುತ್ತದೆ.

ವಿಮಾನಯಾನ ಇನ್ನೊಂದು ಪರೀಕ್ಷೆ. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಮನೋವೈದ್ಯಕೀಯ ಆಸ್ಪತ್ರೆಗೆ ಸೇರಿದ ಪ್ರಯಾಣಿಕರನ್ನು ಕುರಿತು 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಶ್ಚಿಮಕ್ಕೆ ಬಂದವರಲ್ಲಿ ಖಿನ್ನತೆಯೂ ಪೂರ್ವಕ್ಕೆ ಬಂದವರಲ್ಲಿ ಲಘು ಉನ್ಮಾದವೂ ಹೆಚ್ಚಾಗಿ ಕಂಡಿತು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಕನ್ನಡದ ತಾಯಿ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಬದಲಾದ ಊರಿನಲ್ಲಿ ಇಳಿದು, ಅಲ್ಲಿಯೂ ರಾತ್ರಿ ಮಗು ನೋಡಿಕೊಳ್ಳುತ್ತಾರೆ. ಅವರಿಗೇ ಬೈಪೋಲಾರ್ ಇದ್ದರೆ ಪ್ರಯಾಣಕ್ಕೆ ಮೊದಲು ಮಾತ್ರೆಯ ಹೊತ್ತನ್ನು ವೈದ್ಯರಿಂದ ಬರೆಸಿಕೊಂಡು, ಮೊದಲ ವಾರದ ರಾತ್ರಿಗಳನ್ನು ನಿದ್ದೆಗೆಂದೇ ಬಿಟ್ಟುಕೊಳ್ಳಬೇಕು.

ಚಿಕಿತ್ಸೆ

ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಫಲಕಾರಿ ಎಂದು ತೋರಿಸಿದರು. ಇಂದಿಗೂ ಅದು ಈ ಕಾಯಿಲೆಯ ಪ್ರಮುಖ ಔಷಧ. ಲಿಥಿಯಂ ದೇಹದ ಗಡಿಯಾರದ ಸುತ್ತನ್ನು ಉದ್ದ ಮಾಡುತ್ತದೆ ಎಂಬುದು ಪ್ರಾಣಿಗಳ ಪ್ರಯೋಗಗಳಲ್ಲಿ ಪದೇ ಪದೇ ಕಂಡಿದೆ. ಗಡಿಯಾರದ ಪ್ರೋಟೀನುಗಳನ್ನು ನಿಯಂತ್ರಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಅದರ ಗುಣಕ್ಕೆ ಇದೂ ಒಂದು ಕಾರಣವಿರಬಹುದು. ಲಿಥಿಯಂ ಸೇವಿಸುವವರು ಆಗಾಗ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಬಿರುಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿ ಭೇದಿಯಾದರೆ, ಒಮ್ಮೆಲೇ ಉಪ್ಪು ಬಿಟ್ಟರೆ, ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕೈನಡುಕ ಹೆಚ್ಚುವುದು, ತೂರಾಡುವುದು, ಮಾತು ತೊದಲುವುದು ಅದರ ಚಿಹ್ನೆಗಳು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕತ್ತಲನ್ನೂ ಔಷಧವಾಗಿ ಬಳಸಬಹುದೆಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. ನಾರ್ವೆಯಲ್ಲಿ ಟೋನೆ ಹೆನ್ರಿಕ್ಸೆನ್ ತಂಡ ಉನ್ಮಾದದಿಂದ ಆಸ್ಪತ್ರೆ ಸೇರಿದವರಿಗೆ ಮಾಮೂಲಿ ಔಷಧದ ಜೊತೆಗೆ ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ತೊಡಿಸಿತು. ಒಂದೇ ವಾರದಲ್ಲಿ, ಬಣ್ಣವಿಲ್ಲದ ಕನ್ನಡಕ ತೊಟ್ಟವರಿಗಿಂತ ಅವರ ಉನ್ಮಾದ ಬಹಳ ಇಳಿಯಿತು. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿದ್ದವರು 23 ಮಂದಿ ಮಾತ್ರ. ಖಿನ್ನತೆಗೆ ಪ್ರಖರ ಬೆಳಕಿನ ಚಿಕಿತ್ಸೆಯಿದೆ. ಬೆಳಗಿನ ಹೊತ್ತು ಅದನ್ನು ಕೊಟ್ಟಾಗ ಕೆಲವರಲ್ಲಿ ಮನಸ್ಸು ಕೆರಳಿದ್ದರಿಂದ, ಅಮೆರಿಕದ ಡೊರೊತಿ ಸಿಟ್ ತಂಡ ನಡುಹಗಲಿನಲ್ಲಿ ಕೊಟ್ಟು 2018ರಲ್ಲಿ ಉತ್ತಮ ಫಲಿತಾಂಶ ವರದಿ ಮಾಡಿತು.

ಪಿಟ್ಸ್‌ಬರ್ಗ್‌ನ ಎಲೆನ್ ಫ್ರಾಂಕ್ ರೂಪಿಸಿದ ದಿನಚರಿ ಚಿಕಿತ್ಸೆ ಹಳ್ಳಿಯ ಬದುಕಿಗೂ ಸುಲಭವಾಗಿ ಹೊಂದುತ್ತದೆ. ಏಳುವುದು, ಮೊದಲ ಸಲ ಇನ್ನೊಬ್ಬರೊಡನೆ ಮಾತಾಡುವುದು, ಕೆಲಸ ಶುರುಮಾಡುವುದು, ರಾತ್ರಿಯ ಊಟ, ಮಲಗುವುದು ಈ ಐದನ್ನು ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಾಡಿ ಬರೆದಿಡುವುದು ಇದರ ಸಾರ. ಗುಹೆಯ ಬಾವಲಿಗೆ ಸಂಗಾತಿಗಳ ಓಡಾಟ ಮಾಡಿದ ಕೆಲಸವನ್ನೇ ಇಲ್ಲಿ ಮನೆಯವರ ಒಡನಾಟ ಮಾಡುತ್ತದೆ. 2005ರಲ್ಲಿ ಪ್ರಕಟವಾದ, 175 ರೋಗಿಗಳ ಪ್ರಯೋಗದಲ್ಲಿ ತೀವ್ರ ಹಂತದಲ್ಲಿಯೇ ಈ ಚಿಕಿತ್ಸೆ ಪಡೆದವರು ಮುಂದೆ ಹೆಚ್ಚು ಕಾಲ ಕಾಯಿಲೆ ಮರುಕಳಿಸದೆ ಉಳಿದರು. ಅವರೆಲ್ಲರೂ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಮಾತ್ರೆ ನಿಲ್ಲಿಸುವುದು ಕಾಯಿಲೆ ಮರಳುವ ಸಾಮಾನ್ಯ ದಾರಿಗಳಲ್ಲೊಂದು.

ನೆರವು ಸಿಗುವ ಕಡೆಗಳು

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯತ್ನದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು. ನಿಮ್ಹಾನ್ಸ್ ತಂಡ 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಆರಂಭಿಸಿದ ಕೆಲಸ, 1980ರ ದಶಕದಲ್ಲಿ ಚಿತ್ರದುರ್ಗದ ನೆರೆಯ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಅಲ್ಲಿಯೇ ಔಷಧ ಸಿಗುವಂತೆ ಮಾಡಿದ ಆ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿತು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು.

ಕರೆಮಾಡುವಾಗ ಅಥವಾ ಆಸ್ಪತ್ರೆಗೆ ಹೋಗುವಾಗ ಮನೆಯವರು ಕೆಲವು ವಿಷಯಗಳನ್ನು ಹೇಳಿದರೆ ವೈದ್ಯರಿಗೆ ಹಾದಿ ಸುಲಭವಾಗುತ್ತದೆ. ಕಳೆದ ಒಂದು ವಾರ ಪ್ರತಿ ರಾತ್ರಿ ಎಷ್ಟು ಗಂಟೆಗೆ ಮಲಗಿ ಎಷ್ಟು ಗಂಟೆಗೆ ಎದ್ದರು, ಕಡಿಮೆ ಮಲಗಿಯೂ ದಣಿವಿಲ್ಲದಂತೆ ಇದ್ದರೇ, ಮಾತು ಮತ್ತು ಖರ್ಚು ಹೆಚ್ಚಾಯಿತೇ, ಮಾತ್ರೆ ಎಂದಿನಿಂದ ತಪ್ಪಿದೆ, ಸಾಯುವ ಮಾತಾಡಿದರೇ ಎಂಬವು ಅವು. ಸಾಯುವ ಮಾತು ಬಂದಿದ್ದರೆ ಅಥವಾ ಸತತ ಎರಡು ರಾತ್ರಿ ನಿದ್ದೆಯಿಲ್ಲದೆ ಉತ್ಸಾಹ ಏರುತ್ತಿದ್ದರೆ, ಮುಂದಿನ ಮಂಗಳವಾರದವರೆಗೆ ಕಾಯದೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು.